ಅತ್ತೆಯ ಹನಿ ಹಣ್ಣು

ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಅಗ್ರಹಾರದ ಒಂದು ಸಂದಿಯಲ್ಲಿ. ನಮ್ಮ ಮನೆಗೂ ಪಕ್ಕದ ಮನೆಗೂ ಸೇರಿ ಒಂದೇ ಗೋಡೆ. ಅವರು ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಸೀನುತ್ತಿದ್ದವರು ನಾವು. ನಮ್ಮ ಮನೆಯಲ್ಲಿ ಮಣ್ಣು ಅಂತ ಇದ್ದದ್ದು ತುಳಸಿಕಟ್ಟೆಯೊಳಗಿನದಷ್ಟೇ, ಅದನ್ನೂ ಅಮ್ಮ ಮುಟ್ಟಗೊಡುತ್ತಿರಲಿಲ್ಲ. ಹೀಗಿದ್ದವಳು ಮದುವೆಯಾಗಿ ಚಾಮರಾಜಪುರಂಗೆ ಹೋಗಿ ಮೊದಲ ಸಲ ತವರಿಗೆ ಬಂದಾಗ ಅಮ್ಮ ಪಕ್ಕಕ್ಕೆ ಕರೆದು, "ಹೇಗಿದ್ದಾರೆ ಕಣೇ ಅಳಿಯಂದಿರು?" ಎಂದು ಕೇಳಿದಳು. ನಾನು ಹಿಂದೆ ಮುಂದೆ ನೋಡದೆ, "ಹಿತ್ತಲು ತುಂಬಾ ಚೆನ್ನಾಗಿದೆ ಕಣಮ್ಮ" ಎಂದುಬಿಟ್ಟೆ. ಈ ಮಾತು ಅದು ಹೇಗೋ ನಮ್ಮ ಯಜಮಾನರ ಕಿವಿಗೂ ಬಿತ್ತು. ಯಾರಾದರೂ ಮನೆಗೆ ಬಂದರೆ ಸಾಕು, "ಇವಳು ಮದುವೆಯಾದದ್ದು ಹಿತ್ತಲನ್ನು, ನಾನು ಜೊತೆಗೆ ಬಂದವನು" ಎಂದು ಶುರುಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಮಾತು ಸುಳ್ಳಲ್ಲವಲ್ಲ, ಏನು ಹೇಳಲಿ?

ಆ ಮನೆಯಲ್ಲಿ ನಾವಿದ್ದದ್ದು ನಾಲ್ಕೇ ಜನ. ಅತ್ತೆ, ಮಾವ, ಅವರ ಒಬ್ಬನೇ ಮಗ, ನಾನು. ಮಾವನವರು ಸರ್ಕಾರಿ ಕಚೇರಿಯಲ್ಲಿ ಶಿರಸ್ತೇದಾರರು. ಕಡಕೊಳದ ಆಚೆಯ ಒಂದು ಹಳ್ಳಿಯ ಒಕ್ಕಲು ಮನೆತನದಲ್ಲಿ ಹುಟ್ಟಿ, ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದಿ, ಕೆಲಸ ಹಿಡಿದು, ಈ ಮನೆ ಕಟ್ಟಿಸಿದ್ದರು. ಕ್ಲೋಸ್ ಕೋಟು, ಜರಿ ಪೇಟ, ಕೈಯಲ್ಲೊಂದು ಕೊಡೆ. ಮಾತು ಅಚ್ಚು ಹಾಕಿಸಿದ ಹಾಗೆ ಶುದ್ಧ. ಮನೆಯ ಮುಂದೆ ಗುಲಾಬಿ, ಕ್ರೋಟನ್ ಕುಂಡಗಳನ್ನು ಸಾಲಾಗಿ ಇಟ್ಟು ಬೆಳಿಗ್ಗೆ ಬೆಳಿಗ್ಗೆ ತಾವೇ ನೀರು ಹನಿಸುತ್ತಿದ್ದರು. ಅದು ಅವರ ಪ್ರಕಾರ ಗಾರ್ಡನಿಂಗು. ಗುದ್ದಲಿ ಹಿಡಿದು ನೆಲ ಅಗೆದರೆ ಮಾತ್ರ ಅದು ಗೆಯ್ಮೆ. ಗಾರ್ಡನಿಂಗ್ ಮಾಡಬಹುದು, ಈ ಮನೆಯಲ್ಲಿ ಗೆಯ್ಮೆ ಕೂಡದು ಎನ್ನುವುದು ಅವರ ಕಾನೂನು. ಅದಕ್ಕೇ ಅಷ್ಟು ದೊಡ್ಡ ಹಿತ್ತಲಿನಲ್ಲಿ ಒಂದು ಒಗೆಯುವ ಕಲ್ಲು, ಬಟ್ಟೆ ಒಣಹಾಕುವ ಹಗ್ಗ ಬಿಟ್ಟರೆ ಏನೂ ಇರಲಿಲ್ಲ. ನೆಲ ಬೀಳು ಬಿದ್ದಿತ್ತು.

ಅತ್ತೆಯೂ ಅದೇ ಕಡೆಯ ಹಳ್ಳಿಯವರು. ಇಷ್ಟು ವರ್ಷ ಪೇಟೆಯಲ್ಲಿದ್ದರೂ ಅವರ ಬಾಯಲ್ಲಿ 'ಹ' ಅನ್ನುವ ಅಕ್ಷರಕ್ಕೆ ಜಾಗವೇ ಸಿಕ್ಕಿರಲಿಲ್ಲ. ಹಣ್ಣು ಅಣ್ಣಾಗುತ್ತಿತ್ತು, ಹಿತ್ತಲು ಇತ್ತಲಾಗುತ್ತಿತ್ತು. ಮಾವನವರು ಒಂದು ಕಾಲದಲ್ಲಿ ತಿದ್ದಲು ನೋಡಿ ಸೋತು ಕೈಬಿಟ್ಟಿದ್ದರಂತೆ. ಅತ್ತೆ ನನ್ನನ್ನು "ಮಗಾ" ಎಂದು ಕರೆಯುತ್ತಿದ್ದರು. ಸಿಡುಕಿನ ಸೊಸೆ, ಸಮಾಧಾನದ ಅತ್ತೆ, ನಮ್ಮಿಬ್ಬರಿಗೆ ಹೇಗೋ ಹೊಂದಿಹೋಯಿತು.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿದ್ದ ಕಾಲ. ಮದುವೆಯಾದ ಮೇಲಿನ ಮೊದಲ ದಸರಾ. ಯಜಮಾನರು ನನ್ನನ್ನು ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋದರು. ಅವರಿಗೆ ನನಗೊಂದು ಡಜನ್ ಗಾಜಿನ ಬಳೆ ಕೊಡಿಸಿ ಗಂಡನ ದೊಡ್ಡಸ್ತಿಕೆ ತೋರಿಸುವ ಆಸೆ. ನಾನು ಬೀಜ ಮಾರುವವನ ಮುಂದೆ ನಿಂತುಬಿಟ್ಟೆ. ಅವನು ಕಂದು ಕಾಗದದ ಒಂದು ಪೊಟ್ಟಣ ಎತ್ತಿ, "ಫಾರಿನ್ ಕರ್ಬೂಜ ಕಣಮ್ಮ. ಹನಿ ಡ್ಯೂ ಅಂತ. ಮೈಸೂರಲ್ಲಿ ಯಾರ ಮನೇಲೂ ಇಲ್ಲ" ಎಂದ. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬಿಟ್ಟರೆ ಚಿತ್ರ ಗಿತ್ರ ಏನೂ ಇರಲಿಲ್ಲ. ಯಾರ ಮನೆಯಲ್ಲೂ ಇಲ್ಲ ಎಂದಮೇಲೆ ಬಿಡುವುದುಂಟೇ! ಬಳೆ ಬೇಡ, ಇದೇ ಇರಲಿ ಎಂದೆ. "ಹಿತ್ತಲಿಗೇ ಬಳೆ ತೊಡಿಸು ಹೋಗು" ಎಂದು ಯಜಮಾನರು ದಾರಿಯುದ್ದಕ್ಕೂ ಗೊಣಗಿದರು.

ಮನೆಗೆ ಬಂದು ಪೊಟ್ಟಣವನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ಬಿಚ್ಚಿ, ಬೀಜವನ್ನು ಅಂಗೈ ಮೇಲೆ ಹರಡಿ, ಮೂಸಿ, ಒಂದನ್ನು ಹಲ್ಲಿನ ಮಧ್ಯೆ ಇಟ್ಟು ಕಟಕ್ ಎನ್ನಿಸಿದರು.

"ಜೊಳ್ಳಲ್ಲ ಮಗಾ. ಗಟ್ಟಿ ಬೀಜ. ಎಸರೇನಂದೆ?"

"ಹನಿ ಡ್ಯೂ ಅಂತೆ ಅತ್ತೆ. ಕರ್ಬೂಜದಲ್ಲೇ ಒಂದು ಜಾತಿ."

"ಡೂ ಅಂದ್ರೆ ಏನೋ ಕಾಣೆ. ಅನಿ ಗೊತ್ತಾಯ್ತು ಬುಡು" ಎಂದರು. ಏನು ಗೊತ್ತಾಯಿತು ಎಂದು ನಾನು ಕೇಳಲಿಲ್ಲ.

ಆವತ್ತು ಊಟಕ್ಕೆ ಕೂತಾಗ ಮಾವನವರು ತಾವಾಗಿಯೇ ಹಿತ್ತಲಿನ ಮಾತೆತ್ತಿದರು. "ಸಂಕ್ರಾಂತಿ ಕಳೆಯಲಿ, ಹಿತ್ತಲಿಗೆಲ್ಲ ಕಲ್ಲುಚಪ್ಪಡಿ ಹಾಸಿಸಿಬಿಡೋಣ. ಮಳೆಗಾಲದಲ್ಲಿ ಕೆಸರೋ ಕೆಸರು. ಚಪ್ಪಡಿ ಹಾಸಿದರೆ ನೀಟಾಗಿರುತ್ತೆ."

ಅನ್ನ ಬಡಿಸುತ್ತಿದ್ದ ಅತ್ತೆಯ ಕೈ ಹಾಗೇ ನಿಂತಿತು. ಗಂಡನ ಮಾತಿಗೆ ಎದುರು ಮಾತು ಆಡಿದವರಲ್ಲ ಅವರು. ಅವತ್ತು ಆಡಿದರು.

"ಸೊಸೆ ಬೀಜ ತಂದವ್ಳೆ. ಬಂದ ಮ್ಯಾಲೆ ಮೊದಲ್ನೆ ಆಸೆ. ಅದ್ನೂ ಮುಚ್ಚುಬುಡ್ತೀರಾ?"

ಮಾವನವರು ನನ್ನನ್ನು ನೋಡಿದರು. ನಾನು ಆದಷ್ಟು ಪಾಪದ ಮುಖ ಮಾಡಿಕೊಂಡು ನಿಂತೆ. ಆ ವಿದ್ಯೆ ನನಗೆ ಚಿಕ್ಕಂದಿನಿಂದ ಬರುತ್ತಿತ್ತು.

"ಅಗ್ರಹಾರದ ಹುಡುಗಿ ಕರ್ಬೂಜ ಬೆಳೀತಾಳಾ?" ಎಂದು ನಕ್ಕರು.

"ಬೆಳೀತಾಳೆ. ರಾಮನವಮಿ ಪಾನಕಕ್ಕೆ ಈ ಇತ್ತಲ ಅಣ್ಣೇ ಕೊಡ್ತೀವಿ. ಕೊಟ್ರೆ ಚಪ್ಪಡಿ ಬ್ಯಾಡ. ಕೊಡ್ದೇ ಓದ್ರೆ ಆಸುಕೊಳ್ಳಿ, ನಾನು ಕಮಕ್ ಕಿಮಕ್ ಅನ್ನಾಕಿಲ್ಲ."

ಮೈಸೂರಿನ ಮನೆಗಳಲ್ಲಿ ರಾಮನವಮಿ ಎಂದರೆ ಕರ್ಬೂಜದ ಹಣ್ಣಿನ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಮಾವನವರಿಗೆ ಪಂದ್ಯ ರುಚಿಸಿತು. ಆಗಲಿ ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, ನಗು ನಿಲ್ಲಿಸಿ, "ಆದರೆ ನೀನು ಗುದ್ದಲಿ ಮುಟ್ಟೋ ಹಾಗಿಲ್ಲ. ಅವಳು ಬೇಕಾದರೆ ಮಣ್ಣಾಟ ಆಡಿಕೊಳ್ಳಲಿ. ನೀನು ಮಾತ್ರ ಕೂಡದು" ಎಂದರು.

"ಗೊತ್ತು ಬುಡಿ" ಎಂದು ಅತ್ತೆ ಒಳಗೆ ಹೋದರು.

ಸಂಕ್ರಾಂತಿ ಮುಗಿದ ಮಾರನೆಯ ದಿನ ಮಾವನವರು ಕಚೇರಿಗೆ ಹೊರಟ ಮೇಲೆ, ನೆಲ ಅಗೆಯಲು ಏನಿದೆ ಅತ್ತೆ ಎಂದು ಕೇಳಿದೆ. ಅವರು ಸೌದೆ ಮನೆಗೆ ಹೋಗಿ, ಸೌದೆ ರಾಶಿಯ ಹಿಂದಿನಿಂದ ಗೋಣಿ ಸುತ್ತಿದ ಏನನ್ನೋ ಎಳೆದು ತಂದರು. ಬಿಚ್ಚಿದರೆ ಗುದ್ದಲಿ! ಹಳ್ಳಿ ಬಿಟ್ಟು ಬರುವಾಗ ಪಾತ್ರೆ ಪಗಡದ ಗಾಡಿಯಲ್ಲಿ ಅಡಗಿಸಿ ತಂದದ್ದಂತೆ. ನಾನು ಸೆರಗು ಸಿಕ್ಕಿಸಿ ಬೀಸಿದೆ. ಗುದ್ದಲಿ ನೆಲಕ್ಕೆ ಬಡಿದು ಪುಟಿದು ಬಂತು. ಇನ್ನೊಂದು ಸಲ ಬೀಸಿದೆ. ಅದು ನನ್ನ ಕಾಲಿನ ಹತ್ತಿರ ಬಿತ್ತು.

"ಅಯ್ಯೋ, ಕಾಲ್ ಬೆರಳ ನೆಟ್ಟೀಯೆ! ಕೊಡಿತ್ತ" ಎಂದು ಅತ್ತೆ ಕಿತ್ತುಕೊಂಡರು.

ಆಮೇಲೆ ನಾನು ಕಂಡದ್ದನ್ನು ಹೇಗೆ ಹೇಳಲಿ? ಅಡಿಗೆಮನೆಯಲ್ಲಿ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದ ಹೆಂಗಸು ಬಗ್ಗಿ, ಒಂದೇ ಸಮನೆ, ಅವಸರವಿಲ್ಲದೆ ಅಗೆಯತೊಡಗಿದರು. ಒಣಗಿದ ನೆಲದ ಕೆಳಗಿಂದ ಕೆಂಪು ಮಣ್ಣು ಮೇಲೆ ಬಂತು. ಅದನ್ನು ಒಂದು ಹಿಡಿ ತೆಗೆದು ಬೆರಳಲ್ಲಿ ಉಜ್ಜಿ, "ಒಳ್ಳೆ ಮಣ್ಣು ಮಗಾ, ಸುಮ್ನೆ ಮಲಗಿತ್ತು" ಎಂದರು. ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು, ಖುಷಿ ಉಕ್ಕುತ್ತಿತ್ತು.

"ಮಾವನವರಿಗೆ ಗೊತ್ತಾದರೆ ಬೈತಾರೆ ಅತ್ತೆ" ಎಂದೆ.

ಅವರು ಒಗೆಯುವ ಕಲ್ಲಿನ ಮೇಲೆ ಕುಳಿತರು. "ನೋಡು ಮಗಾ. ಈ ಊರಿಗೆ ಬಂದು ನಂಗೇನ್ ಬತ್ತದೆ ಯೋಳು? ಓದಾಕೆ ಬರಾಕಿಲ್ಲ. ಆಫೀಸರ ಎಂಡ್ರು ಜೊತೆ ಕುಂತು ಮಾತಾಡಾಕೆ ಬರಾಕಿಲ್ಲ. ಗೊತ್ತಿರಾದು ಮಣ್ಣೊಂದೆ. ನಿಮ್ಮಾವನ್ಗೆ ನನ್ನ ಕೈ ಕಂಡ್ರೆ ನಾಚ್ಕೆ, ಒಕ್ಕಲಗಿತ್ತಿ ಕೈ ಅಂತ. ಅದ್ಕೇ ಮುಟ್ಬ್ಯಾಡ ಅನ್ನಾದು. ಇರ್ಲಿ. ಆದ್ರೆ ಈ ಮಣ್ಣ ಮ್ಯಾಲೂ ಕಲ್ಲು ಮುಚ್ಚುಬುಟ್ರೆ, ನಾನು ಈ ಮನೇಲಿ ಇದ್ದೂ ಇಲ್ದಂಗೆ ಕಣವ್ವ."

ಅವರು ಅಳಲಿಲ್ಲ, ಸುಮ್ಮನೆ ಹೇಳಿದರು. ಅಲ್ಲಿಯವರೆಗೆ ನನಗೆ ಅದೊಂದು ಶೋಕಿ, ಯಾರ ಮನೆಯಲ್ಲೂ ಇಲ್ಲದ ಹಣ್ಣು ನಮ್ಮ ಮನೆಯಲ್ಲಿರಬೇಕು ಎನ್ನುವ ಜಂಬ. ಆವತ್ತಿನಿಂದ ಅದು ಅತ್ತೆಯ ಹಿತ್ತಲನ್ನು ಉಳಿಸುವ ಕೆಲಸವಾಯಿತು.

ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ನೆನೆಸಿ, ಮೊಳಕೆ ಕಣ್ಣು ಬಿಟ್ಟ ಮೇಲೆ ಗೊಬ್ಬರ ತುಂಬಿದ ಗುಂಡಿಗಳಲ್ಲಿ ಊರಿದೆವು. ಹಗಲೆಲ್ಲ ಅತ್ತೆಯದೇ ಕೆಲಸ, ನಾನು ನೀರು ಹೊರುವವಳು. ಸಂಜೆ ಮುಂದಿನ ಗೇಟು ಕಿರ್ರ್ ಎಂದ ಕೂಡಲೇ ಗುದ್ದಲಿ ನನ್ನ ಕೈಗೆ ಬರುತ್ತಿತ್ತು, ಅತ್ತೆ ಕಲ್ಲಿನ ಮೇಲೆ ಕುಳಿತು ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದರು. ಮಾವನವರು ಹಿಂದೆ ಕಾಲು ತೊಳೆಯಲು ಬಂದು, "ಏನಮ್ಮ ತೋಟಗಾರ್ತಿ, ಅಂಗೈಯಲ್ಲಿ ಬೊಬ್ಬೆ ಬಂತಾ?" ಎಂದು ಕೇಳುತ್ತಿದ್ದರು. ನನ್ನ ಅಂಗೈ ಬೆಣ್ಣೆಯ ಹಾಗಿತ್ತು. ಹಾಗಾಗಿ ನಾನೂ ಕೈಯನ್ನು ಬೆನ್ನ ಹಿಂದೆ ಮರೆಸಿಕೊಳ್ಳುತ್ತಿದ್ದೆ. ಮೃದುವಾಗಿದೆ ಎಂದು ನಾನು ಮುಚ್ಚುವುದು, ಒರಟಾಗಿದೆ ಎಂದು ಅವರು ಮುಚ್ಚುವುದು. ಮಾವನವರು ಒಳಗೆ ಹೋದ ಮೇಲೆ ಇಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದೆವು.

ಸಸಿ ಎರಡೆಲೆ ಬಿಟ್ಟಿತು, ನಾಲ್ಕೆಲೆ ಬಿಟ್ಟಿತು. ಕೆಂಪು ಹುಳು ಬಂದು ಎಲೆಯನ್ನು ಜರಡಿ ಮಾಡಿದಾಗ ಒಲೆಯ ಬೂದಿ ಉದುರಿಸಿದೆವು. ಬಳ್ಳಿ ಹಬ್ಬಲು ಶುರುವಾದ ಮೇಲೆ ಒಂದು ದಿನ ನೋಡುತ್ತೇನೆ, ಪ್ರತಿ ಗುಂಡಿಯ ಮೇಲೂ ಮೂರು ಕೋಲು ಕಟ್ಟಿ, ಅದಕ್ಕೊಂದು ಹಳೆಯ ಮಡಕೆ ತೂಗುಹಾಕಿ, ಅದರ ತಳಕ್ಕೆ ತೂತು ಕೊರೆದು ಬತ್ತಿ ಸಿಕ್ಕಿಸಿದ್ದಾರೆ ಅತ್ತೆ. ನೀರು ತೊಟ್ಟು ತೊಟ್ಟಾಗಿ ಬುಡಕ್ಕೆ ಬೀಳುತ್ತಿತ್ತು. ಶಿವಲಿಂಗದ ಮೇಲೆ ಧಾರಾಪಾತ್ರೆ ಕಟ್ಟುತ್ತಾರಲ್ಲ, ಥೇಟ್ ಹಾಗೆ. ಯಜಮಾನರು ನೋಡಿ, "ಇದ್ಯಾವ ದೇವರಮ್ಮ? ಅಭಿಷೇಕ ಯಾತಕ್ಕೆ?" ಎಂದರು.

"ಅದ್ರ ಎಸರು ಅನಿ ಅಂತ ನಿನ್ನ ಎಂಡ್ತೀನೇ ಯೋಳುದ್ಲಲ್ಲೋ. ಅನಿ ಅನಿ ನೀರು ಆಕ್ಬೇಕು ಅಂತ ಎಸರಲ್ಲೇ ಬರ್ದವ್ರೆ. ಕೊಡಗಟ್ಲೆ ಉಯ್ದ್ರೆ ಕೆಡ್ತದೆ."

ಯಜಮಾನರು ಬಟ್ಟೆ ಒಣಹಾಕುವ ಹಗ್ಗ ಹಿಡಿದುಕೊಂಡು ನಕ್ಕರು. "ಅಮ್ಮಾ, ಅದು ಕನ್ನಡದ ಹನಿ ಅಲ್ಲ ಕಣಮ್ಮ. ಇಂಗ್ಲಿಷಿನಲ್ಲಿ ಹನಿ ಅಂದರೆ ಜೇನು!"

ಅತ್ತೆ ಒಂದು ಕ್ಷಣ ಯೋಚನೆ ಮಾಡಿದರು. ಮಡಕೆಯ ಬತ್ತಿಯನ್ನು ಇನ್ನಷ್ಟು ಬಿಗಿ ಮಾಡಿದರು. "ಬಳ್ಳಿ ಬೆಳೀತಿರಾದು ಚಾಮರಾಜಪುರದಲ್ಲಿ. ಅದ್ಕೇನು ಇಂಗ್ಲಿಷ್ ಬತ್ತದಾ? ಓಗ್, ಓಗ್."

ಅಲ್ಲಿಗೆ ವಾದ ಮುಗಿಯಿತು. ನಾವು ಅದನ್ನು ಹನಿ ಹಣ್ಣು ಎಂದೇ ಕರೆದೆವು.

ಹೂವು ಬಿಟ್ಟಾಗ ಮೊದಲು ಬಂದವೆಲ್ಲ ಗಂಡು ಹೂವು. "ಮೊದ್ಲು ಗಂಡುಗಳು ಬಂದು ಮೆರೀತವೆ, ಕೆಲ್ಸ ಮಾಡಾಕೆ ಆಮ್ಯಾಲೆ ಎಣ್ಣು ಬರ್ಬೇಕು" ಎಂದರು ಅತ್ತೆ, ಮಗನ ಕಡೆ ನೋಡುತ್ತಾ. ಆಮೇಲೆ ಹೆಣ್ಣು ಹೂವು ಬಂದು, ಅದರ ಹಿಂದೆ ಗೋಲಿಯಷ್ಟು ಹೀಚು ನಿಂತವು. ಆವತ್ತಿನಿಂದ ಹಿತ್ತಲಿನಲ್ಲಿ ಯಾರೂ ತೋರುಬೆರಳು ಚಾಚುವಂತಿಲ್ಲ. ಬೆರಳು ತೋರಿಸಿದರೆ ಹೀಚು ಕೊಳೆಯುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಿಸಿ ಗೆಣ್ಣಿನಿಂದ ತೋರಿಸಬೇಕು. ಯಜಮಾನರು ಮರೆತು ಬೆರಳು ಚಾಚಿ ಕೈಮೇಲೆ ಏಟು ತಿಂದರು. ಆದರೆ ಮಾವನವರಿಗೆ ಏಟು ಕೊಡುವವರು ಯಾರು? ಅವರು ಒಂದು ಸಂಜೆ ಬಂದು, ಬೆರಳು ಹೋಗಲಿ, ಪೂರಾ ಕೊಡೆಯನ್ನೇ ಚಾಚಿ, "ಅದೇನದು, ಬದನೇಕಾಯಾ?" ಎಂದರು. ಅತ್ತೆ ಕಣ್ಣು ಮುಚ್ಚಿಕೊಂಡರು. ಕೆಲವೇ ದಿನಕ್ಕೆ ಆ ಹೀಚು ಹಳದಿಯಾಗಿ ಉದುರಿಹೋಯಿತು. ಅತ್ತೆಗೆ ಆ ಕೊಡೆಯ ಮೇಲೆ ಎಂಥಾ ಸಿಟ್ಟು ಬಂತೆಂದರೆ, ಮಳೆ ಬರಲಿ ಬಿಸಿಲು ಬರಲಿ ಅದನ್ನು ಎತ್ತಿ ಕೊಡುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಮೂರು. ಕೆಳಗೆ ಹುಲ್ಲು ಹಾಸಿ, ಅಳಿಲು ಕಚ್ಚದ ಹಾಗೆ ಮೇಲೆ ಕುಕ್ಕೆ ಕವುಚಿ ಕಾದೆವು. ದಪ್ಪವಾದವು, ಚೆನ್ನಾಗಿ ದಪ್ಪವಾದವು. ಆದರೆ ಕರ್ಬೂಜದ ಲಕ್ಷಣ ಒಂದೂ ಇಲ್ಲ. ಮೈಮೇಲೆ ಬಲೆಯ ಹಾಗೆ ಗೀರು ಮೂಡಲಿಲ್ಲ. ಹಳದಿ ತಿರುಗಲಿಲ್ಲ. ಹಸಿರು ಹೋಗಿ ಬೆಳ್ಳಗಾಗಿ, ಸುಣ್ಣ ಬಳಿದ ಹಾಗೆ ನುಣ್ಣಗೆ ಕೂತವು. ಕರ್ಬೂಜ ಹಣ್ಣಾದರೆ ಬೀದಿಗೆಲ್ಲ ಗೊತ್ತಾಗುತ್ತದೆ, ಅಷ್ಟು ಘಮ. ಅತ್ತೆ ದಿನಾ ಬೆಳಿಗ್ಗೆ ಎದ್ದ ತಕ್ಷಣ ಮೊಣಕಾಲೂರಿ ಅವಕ್ಕೆ ಮೂಗು ಹಚ್ಚಿ ಮೂಸುತ್ತಿದ್ದರು. ನನ್ನನ್ನೂ ಮೂಸಿಸುತ್ತಿದ್ದರು. ಏನೂ ವಾಸನೆಯಿಲ್ಲ.

"ಇದು ಕರ್ಬೂಜವಲ್ಲ, ಬೂದುಗುಂಬಳದ ಮರಿ" ಎಂದರು ಮಾವನವರು. "ನಿಮ್ಮ ಬೀಜದವನು ಸರಿಯಾಗಿ ಟೋಪಿ ಹಾಕಿದ್ದಾನೆ."

ಯುಗಾದಿ ಬಂತು, ಹೋಯಿತು. ಅತ್ತೆಯ ಮಾತು ದಿನದಿನಕ್ಕೆ ಕಡಿಮೆಯಾಯಿತು. ರಾಮನವಮಿಯ ಹಿಂದಿನ ದಿನ ಎತ್ತಿನ ಗಾಡಿಯಲ್ಲಿ ಚಪ್ಪಡಿ ಬಂದು ಗೇಟಿನ ಪಕ್ಕ ರಾಶಿ ಬಿದ್ದವು. ಒಂದೊಂದನ್ನು ಇಳಿಸಿದ ಸದ್ದಿಗೂ ಅತ್ತೆ ಅಡಿಗೆಮನೆಯಲ್ಲಿ ಬೆಚ್ಚಿಬೀಳುತ್ತಿದ್ದರು. ನನಗೆ ಮಾವನವರ ಮೇಲೆ ಕೆಂಡದಂಥ ಕೋಪ. ಪಂದ್ಯದ ದಿನ ಬರುವ ಮೊದಲೇ ಕಲ್ಲು ತರಿಸಿದ್ದಾರಲ್ಲ! ಸಂಜೆ ಅವರು ಕೈಚೀಲದಿಂದ ಮಾರ್ಕೆಟ್ಟಿನ ಒಂದು ಕರ್ಬೂಜ ತೆಗೆದು, ಯಾರ ಮುಖವನ್ನೂ ನೋಡದೆ ಮೇಜಿನ ಮೇಲಿಟ್ಟರು. ಘಮ್ಮೆನ್ನುವ ಹಣ್ಣು. ಹಂಗಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಪಾಪ ಅಂದುಕೊಂಡು ತಂದಿದ್ದರು. ಅದೇ ಅತ್ತೆಗೆ ಇನ್ನೂ ನೋವಾಯಿತು.

ಹಬ್ಬದ ಬೆಳಿಗ್ಗೆ ಸ್ನಾನ ಮಾಡಿ ಇಬ್ಬರೂ ಹಿತ್ತಲಿಗೆ ಹೋದೆವು. ಅತ್ತೆ ಮೂರರಲ್ಲಿ ದೊಡ್ಡದನ್ನು ಆರಿಸಿದರು. ಕರ್ಬೂಜ ಹಣ್ಣಾಗಿದ್ದರೆ ಮುಟ್ಟಿದರೆ ಸಾಕು, ತೊಟ್ಟು ಕಳಚಿಕೊಳ್ಳುತ್ತದೆ. ಇದು ಕಳಚಲಿಲ್ಲ, ಚಾಕುವಿನಲ್ಲಿ ಕೊಯ್ಯಬೇಕಾಯಿತು. ಅಡಿಗೆಮನೆಗೆ ತಂದು ಈಳಿಗೆಮಣೆಯ ಮೇಲೆ ಎರಡು ಹೋಳು ಮಾಡಿದರು. ಒಳಗೆ ಹಸಿರು. ಕರ್ಬೂಜದ ಕೇಸರಿ ಬಣ್ಣ ಎಲ್ಲೂ ಒಂದು ಚೂರಿಲ್ಲ, ತಿಳಿಹಸಿರು.

"ಕಾಯಿ" ಎಂದರು ಅತ್ತೆ.

ಆಗ ಅತ್ತರು. ನನಗೂ ಅಳು ಬಂತು. ಪಕ್ಕದ ಮಣೆಯ ಮೇಲೆ ಮಾರ್ಕೆಟ್ಟಿನ ಕರ್ಬೂಜ, ಬೆಲ್ಲ, ಕುಟ್ಟಿದ ಏಲಕ್ಕಿ ಎಲ್ಲ ಸೇರಿ ಘಮಘಮ ಎನ್ನುತ್ತಿದ್ದವು. ನಮ್ಮದಕ್ಕೆ ವಾಸನೆಯಿತ್ತೋ ಇಲ್ಲವೋ, ಅತ್ತು ಮೂಗು ಕಟ್ಟಿದ್ದ ನಮಗೆ ಎಲ್ಲಿ ತಿಳಿಯಬೇಕು? ಬಾಯಿಗೆ ಹಾಕಿ ನೋಡೋಣವೆಂದರೆ ದೇವರಿಗೆ ನೈವೇದ್ಯವಾಗದೆ ಹಬ್ಬದ ದಿನ ಏನನ್ನೂ ರುಚಿ ನೋಡುವಂತಿಲ್ಲ. ಪಾನಕವನ್ನು ಮಾರ್ಕೆಟ್ಟಿನ ಹಣ್ಣಿನಲ್ಲೇ ಮಾಡಿದೆವು. ಪಂದ್ಯ ಸೋತೆವು.

ನಮ್ಮ ಹಸಿರು ಹೋಳುಗಳನ್ನು ಬಿಸಾಡಲು ಮಾತ್ರ ಅತ್ತೆಗೆ ಮನಸ್ಸು ಬರಲಿಲ್ಲ. "ನೋಡೋಕ್ಕೆ ಬೂದುಗುಂಬಳದ ಹಾಗೇ ಇದೆ ಅತ್ತೆ, ಮಜ್ಜಿಗೆಹುಳಿ ಮಾಡಿಬಿಡ್ತೀನಿ" ಎಂದೆ. ಕಡಲೆಬೇಳೆ, ತೆಂಗಿನಕಾಯಿ, ಹಸಿಮೆಣಸಿನಕಾಯಿ, ಜೀರಿಗೆ ರುಬ್ಬಿ, ಹುಳಿ ಮಜ್ಜಿಗೆ ಸುರಿದು, ಇಂಗಿನ ಒಗ್ಗರಣೆ ಕೊಟ್ಟೆ. ಹೋಳು ಬಹಳ ಬೇಗ ಬೆಂದುಬಿಟ್ಟವಲ್ಲ ಎಂದು ಆಶ್ಚರ್ಯವಾಯಿತು. ಎಲ್ಲವನ್ನೂ ಎಲೆಯ ಮೇಲೆ ಬಡಿಸಿ ದೇವರ ಮುಂದಿಟ್ಟೆವು, ಮಾವನವರು ನೈವೇದ್ಯ ಮಾಡಿದರು. ಅಪ್ಪ ಮಗ ಊಟಕ್ಕೆ ಕೂತರು.

ಮಾವನವರಿಗೆ ಮಜ್ಜಿಗೆಹುಳಿ ಎಂದರೆ ಪ್ರಾಣ. ಹುಳಿಗೆ ಬೆಲ್ಲ ಹಾಕುವವರನ್ನು ಕಂಡರೆ ಆಗುತ್ತಿರಲಿಲ್ಲ. ಅನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು.

"ಮಜ್ಜಿಗೆಹುಳಿಗೆ ಸಕ್ಕರೆ ಹಾಕಿದವರು ಯಾರು?"

"ಯಾರೂ ಹಾಕಿಲ್ಲ ಮಾವ" ಎಂದೆ.

"ನಾನ್ಸೆನ್ಸ್! ಹಿಡಿ ತುಂ​ಬ ಹಾಕಿದ್ದೀರಿ!"

ಯಜಮಾನರೂ ತಿಂದು, "ಅಮ್ಮಾ, ಇದು ಹುಳಿಯೋ ಪಾಯಸವೋ?" ಎಂದರು.

"ದೇವ್ರಾಣೆಗೂ ಒಂದ್ ಕಾಳು ಸಕ್ಕರೆ ಆಕಿಲ್ಲ ಕಣ್ರೀ" ಎಂದು ಅತ್ತೆ ಅಳುವಂತಾದರು. ಅಷ್ಟರಲ್ಲಿ ನನಗೆ ಏನೋ ಹೊಳೆಯಿತು. ಒಳಗೆ ಓಡಿದೆ. ಈಳಿಗೆಮಣೆಯ ಹತ್ತಿರ ಸಿಪ್ಪೆಗೆ ಅಂಟಿಕೊಂಡು ಒಂದು ಹಸಿ ಹೋಳು ಉಳಿದಿತ್ತು. ಬಾಯಿಗೆ ಹಾಕಿಕೊಂಡೆ. ಅಬ್ಬಾ! ರಸ ಗದ್ದಕ್ಕೆ ಇಳಿಯಿತು. ಮಾರ್ಕೆಟ್ಟಿನ ಕರ್ಬೂಜ ಅದರ ಮುಂದೆ ನೀರು. ಮಾವನವರು ಊಟಕ್ಕೆ ಕೂತಿದ್ದಾರೆ ಎನ್ನುವುದನ್ನೂ ಮರೆತು ಕಿರುಚಿದೆ: "ಅತ್ತೇ! ಹಣ್ಣು! ಹಣ್ಣಾಗಿದೆ ಅತ್ತೇ! ಇದರ ಬಣ್ಣವೇ ಹಸಿರು!"

ಅತ್ತೆ ಬಡಿಸುತ್ತಿದ್ದ ಸೌಟನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿ ಎರಡನೆಯ ಹಣ್ಣನ್ನು ಕೊಯ್ದು ತಂದರು. ಮಾವನವರ ಎಲೆಯ ಎದುರಿಗೇ ಕೂತು ಹೆಚ್ಚಿ ಒಂದು ಹೋಳು ಕೊಟ್ಟರು. ಅವರು ತಿಂದರು. ಇನ್ನೊಂದು ಎಂದು ಕೈ ಚಾಚಿದರು. ಅದನ್ನೂ ತಿಂದರು.

"ಹಣ್ಣು ಒಪ್ಪಿದೆ" ಎಂದರು. "ಆದರೆ ಪಂದ್ಯ ಪಾನಕದ್ದು. ದೇವರ ಮುಂದಿಟ್ಟ ಪಾನಕ ಮಾರ್ಕೆಟ್ಟಿನದು."

"ಮಜ್ಜಿಗೆಉಳೀನೂ ದ್ಯಾವ್ರ ಮುಂದೆ ಮಡಗಿದ್ವಲ್ಲ!" ಎಂದರು ಅತ್ತೆ. "ರಾಮದ್ಯಾವ್ರು ನಿಮ್ಗಿಂತ ಮೊದ್ಲೇ ತಿಂದವ್ನೆ!"

ಯಜಮಾನರು ನಕ್ಕು ನಕ್ಕು ಬಿಕ್ಕಳಿಸತೊಡಗಿದರು. ಮಾವನವರಿಗೂ ನಗು ಬಂದಿತ್ತು. ಆದರೆ ಹೋಳು ಹಿಡಿದು ಚಾಚಿದ್ದ ಅತ್ತೆಯ ಕೈ ಅವರ ಕಣ್ಣಿಗೆ ಬಿತ್ತು. ಅವಸರದಲ್ಲಿ ಸೆರಗು ಮರೆತಿತ್ತು. ಅಂಗೈ ತುಂಬ ದಡ್ಡು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕೆಮ್ಮಣ್ಣು. ಮಾವನವರ ಮುಖ ಬದಲಾಯಿತು.

"ಗೆಯ್ದವಳು ನೀನು" ಎಂದರು.

"ಊಂ, ನಾನೇ" ಎಂದರು ಅತ್ತೆ. ಈ ಸಲ ಕೈ ಮುಚ್ಚಿಕೊಳ್ಳಲಿಲ್ಲ. "ನನ್ನ ಕೈ ಕಂಡ್ರೆ ನಿಮ್ಗೆ ನಾಚ್ಕೆ ಅಂತ ಗೊತ್ತು. ಆಫೀಸ್ನೋರು ಬಂದಾಗ ಸೆರಗಲ್ಲಿ ಮುಚ್ಕಂಡೇ ಕಾಫಿ ಕೊಟ್ಟಿವ್ನಿ, ಈಟು ವರ್ಸ. ಇನ್ನೇನ್ ಮಾಡ್ಲಿ? ಇರಾದೇ ಇಂಥಾ ಕೈ."

"ನಾಚ್ಕೆ?" ಎಂದರು ಮಾವನವರು. ಕಚೇರಿಯ ಕನ್ನಡ ಎಲ್ಲೋ ಹೋಗಿ ಊರಿನ ಕನ್ನಡ ಬಂದಿತ್ತು. ಆ ದನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ನಿನ್ನ ಕೈಗೆ ನಾನು ನಾಚ್ಕಂಡಿದ್ನಾ? ಲೇ, ನಾನಿಲ್ಲಿ ಆಸ್ಟೆಲ್ನಲ್ಲಿ ಕುಂತು ಓದ್ತಿದ್ದೆ. ನೀನಲ್ಲಿ ತುಂಬಿದ ಬಸ್ರಿ, ರಾಗಿ ಒಲದಲ್ಲಿ ಬಗ್ಗಿ ಕಳೆ ಕೀಳ್ತಿದ್ದೆ. ರಜಕ್ಕೆ ಬಂದಾಗ ನಿನ್ನ ಕೈ ನೋಡ್ದೆ, ಒಡ್ದು ರಕ್ತ ಬತ್ತಿತ್ತು. ಕೆಲಸ ಒಂದ್ ಸಿಕ್ಕುದ್ರೆ ಈ ಕೈಗೆ ಮತ್ತೆ ಗುದ್ದಲಿ ಕೊಡಾಕಿಲ್ಲ ಅಂತ ಅವತ್ತೇ ಅಂದ್ಕಂಡೆ. ನಿನ್ನ ಕೈಯಿಂದ ಗುದ್ದಲಿ ಬುಡ್ಸಾಕೇ ಕಣೇ ನಾನು ಓದಿದ್ದು."

ಅತ್ತೆ ಅವರ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು. "ಬುಡ್ಸಿ ಅಂತ ನಾನು ಯಾವಾಗ ಕೇಳಿದ್ದೆ?"

ಎಲೆಯ ಮೇಲೆ ಅನ್ನ ಆರುತ್ತಿತ್ತು. ಯಜಮಾನರು ನಗುವುದನ್ನು ನಿಲ್ಲಿಸಿ ತಲೆ ತಗ್ಗಿಸಿಕೊಂಡು ಕೂತಿದ್ದರು.

"ಕೇಳಿರ್ನಿಲ್ಲ" ಎಂದರು ಮಾವನವರು ಕೊನೆಗೆ. "ನಾನೂ ನಿನ್ನ ಕೇಳ್ನಿಲ್ಲ."

"ಈಗ ಕೇಳಿ."

"ಏನಂತ?"

"ಗುದ್ದಲಿ ಬೇಕಾ ಬ್ಯಾಡ್ವಾ ಅಂತ."

ಅಷ್ಟು ದೊಡ್ಡ ಶಿರಸ್ತೇದಾರರು, ಮಗ ಸೊಸೆಯ ಎದುರಿಗೆ, ಮಜ್ಜಿಗೆಹುಳಿ ಒಣಗುತ್ತಿದ್ದ ಕೈಯನ್ನು ಎಲೆಯ ಮೇಲೆ ಹಾಗೇ ಹಿಡಿದುಕೊಂಡು ಕೇಳಿದರು: "ಬೇಕೇನೇ?"

"ಬೇಕು ಕಣ್ರೀ" ಎಂದರು ಅತ್ತೆ.

ನಾನು ಬಾಗಿಲ ಹತ್ತಿರ ನಿಂತು ಗೊಳೋ ಎಂದು ಅತ್ತುಬಿಟ್ಟೆ. ಮಾರನೆಯ ಬೆಳಿಗ್ಗೆ ಕಲ್ಲು ಹಾಸುವವರು ಬಂದಾಗ ಮಾವನವರು ಗೇಟಿನಿಂದ ಮುಂಬಾಗಿಲವರೆಗಿನ ಜಾಗ ತೋರಿಸಿ, ಅಷ್ಟು ಹಾಸಿದರೆ ಸಾಕು ಎಂದು ಹೇಳಿ ಕಚೇರಿಗೆ ಹೊರಟರು.